ಜೋಡಿ ಡಬ್ಬಿ ಬಂದ್ ಮಾಡೂದು ಬ್ಯಾಡ, ಕಾರ್ಖಾನಿ ಕಾಟಾದಾಗ ಹಿಡೀರಿ

ಸಂಪಾದಕರಿಗೆ ನಮಸ್ಕಾರ್ರೀ,

ಹೋದ ವಾರ ವಾಚಕರ ಪತ್ರದಾಗ ಒಬ್ಬರು ಮಾಸ್ತರು ಬರದಿದ್ರು, ಕಬ್ಬಿನ ಹಂಗಾಮು ಶುರು ಆತಂದ್ರ ರಾತ್ರಿ ಬೈಕ್ ಮ್ಯಾಲ ಜೀವ ಕೈಯಾಗ ಹಿಡ್ಕೊಂಡು ಹೋಗಬೇಕಾಗ್ತೈತಿ, ಎರಡೆರಡು ಟ್ರೇಲರ್ ಕಟ್ಕೊಂಡು ಹೋಗೋ ಟ್ರ್ಯಾಕ್ಟರ್ ಪೂರ್ತಿ ಬಂದ್ ಮಾಡ್ರಿ ಅಂತ. ಅವರು ಬರದಿದ್ದರಾಗ ಒಂದೂ ಸುಳ್ಳಿಲ್ಲ. ಆದ್ರ ಬಂದ್ ಮಾಡ್ರಿ ಅನ್ನೂದಕ್ಕ ಮಾತ್ರ ನನ್ನ ಒಪ್ಪಿಗಿ ಇಲ್ಲ, ಯಾಕಿಲ್ಲ ಅಂತ ಹೇಳಾಕ ಈ ಪತ್ರ. ಮೊದಲ ಹೇಳಿಬಿಡ್ತೀನಿ, ನಾನು ಮುಧೋಳ ತಾಲೂಕಿನವ, ಆರು ಎಕರೆ ಕಬ್ಬು ಐತಿ, ಐವತ್ತು ಎಚ್‌ಪಿದು ಒಂದು ಟ್ರ್ಯಾಕ್ಟರ್ ಐತಿ, ಎರಡು ಡಬ್ಬಿ ಅದಾವ. ಅಂದ್ರ ಮಾಸ್ತರು ಬೈದದ್ದು ನನಗ.

ನಮ್ಮ ಕಡೆ ಮಂದಿಗೆ ಡಬ್ಬಿ ಅಂದ್ರ ಗೊತ್ತು, ಬೆಂಗಳೂರು ಮೈಸೂರು ಕಡೆ ಓದೋರಿಗೆ ಹೇಳ್ತೀನಿ, ಟ್ರ್ಯಾಕ್ಟರಿನ ಟ್ರೇಲರ್‌ಗೆ ನಾವು ಡಬ್ಬಿ ಅಂತೀವಿ. ಒಂದು ಡಬ್ಬಿ ಹಿಂದ ಇನ್ನೊಂದು ಡಬ್ಬಿ ಹುಕ್ಕಿಗೆ ಪಿನ್ ಹಾಕಿ ಕಟ್ಟಿದ್ರ ಜೋಡಿ ಡಬ್ಬಿ. ಇಂಜಿನ್ ಮೂತಿಯಿಂದ ಹಿಡಿದು ಹಿಂದಿನ ಡಬ್ಬಿ ಬಾಲದ ತನಕ ಒಂದು ಹದಿನೇಳು ಮೀಟರ್ ಆಗ್ತೈತಿ, ನಮ್ಮ ಸಾರಿಗೆ ಬಸ್ಸಿಗಿಂತ ಉದ್ದ. ನವೆಂಬರ್‌ದಿಂದ ಮಾರ್ಚ್ ತನಕ ಮುಧೋಳ, ಮಹಾಲಿಂಗಪುರ, ರಬಕವಿ, ಜಮಖಂಡಿ, ಆ ಕಡೆ ಗೋಕಾಕ, ರಾಯಬಾಗ, ಅಥಣಿ, ಎಲ್ಲಿ ಹೋದ್ರೂ ಇವ ಸಾಲಾಗಿ ಹೊಂಟಿರ್ತಾವ.

ಯಾಕ ಜೋಡಿ ಕಟ್ತೀವಿ ಅನ್ನೂದು ಸೀದಾ ಲೆಕ್ಕ ಐತ್ರಿ. ನನ್ನ ಆರು ಎಕರೆದಾಗ ಒಳ್ಳೆ ವರ್ಷ 240 ಟನ್ ಬರ್ತೈತಿ. ಜೋಡಿ ಡಬ್ಬಿಗೆ 20–22 ಟನ್ ಹೇರಿದ್ರ ಹನ್ನೊಂದು ಹನ್ನೆರಡು ಟ್ರಿಪ್ಪಿಗೆ ಹೊಲ ಖಾಲಿ. ಒಂಟಿ ಡಬ್ಬಿದಾಗ ಒಯ್ದ್ರ ಇಪ್ಪತ್ತಎರಡು ಟ್ರಿಪ್ಪು. ಕಾರ್ಖಾನಿ ನಮ್ಮೂರಿಂದ 18 ಕಿಲೋಮೀಟರ್, ಡೀಸೆಲ್ ಡಬಲ್, ಕಾರ್ಖಾನಿ ಯಾರ್ಡಿನ್ಯಾಗ ಪಾಳಿ (ಅಂದ್ರ ಸರದಿ ಕಾಯೂದು) ಡಬಲ್, ಡ್ರೈವರ್ ಪಗಾರ ಡಬಲ್. ಅದೂ ಬಿಡ್ರಿ, ರಸ್ತ್ಯಾಗ ಓಡೋ ಟ್ರ್ಯಾಕ್ಟರ್‌ನೂ ಡಬಲ್ ಆಗ್ತಾವಲ್ಲ, ಮಾಸ್ತರು ಈಗ ಒಂದು ರಾತ್ರಿಗೆ ನಲವತ್ತು ಟ್ರ್ಯಾಕ್ಟರ್ ದಾಟಿ ಮನಿ ಮುಟ್ಟೋರು ಎಂಬತ್ತು ದಾಟಬೇಕಾಗ್ತೈತಿ. ಕಡಿದ ಕಬ್ಬು ಹೊಲದಾಗ ಬಿದ್ದಷ್ಟೂ ತೂಕ ಇಳೀತೈತಿ, ಸಕ್ಕರಿ ಅಂಶನೂ ಕಡಿಮಿ ಆಗ್ತೈತಿ, ಕಡಿದ ಒಂದು ದಿನದಾಗ ಗಾಣಕ್ಕ ಹೋದ್ರ ಚಲೋ. ಮ್ಯಾಲ ಕಡಿಯೋ ಗ್ಯಾಂಗು ಸಾಗಾಣಿಕಿ ಎರಡರ ಖರ್ಚೂ ಕಬ್ಬಿನ ಬಿಲ್ಲಿನ್ಯಾಗ ಮುರ್ಕೊಂಡ ರೈತಗ ರೊಕ್ಕ ಕೊಡೂದು. 2025ರ ನವೆಂಬರ್‌ದಾಗ ಗುರ್ಲಾಪುರ ಕ್ರಾಸಿನ್ಯಾಗ ಟನ್ನಿಗೆ 3,500 ಬೇಕಂತ ರೈತರು ದಿನಗಟ್ಟಲೆ ರಸ್ತ್ಯಾಗ ಕುಂತದ್ದು ಎಲ್ಲಾರೂ ನೋಡ್ಯಾರ, ನೂರು ರೂಪಾಯಿಗೆ ಹಂಗ ಬಡದಾಡೋ ಹೊತ್ತಿನ್ಯಾಗ ಸಾಗಾಣಿಕಿ ಖರ್ಚು ಡಬಲ್ ಮಾಡ್ಕೋರಿ ಅಂದ್ರ ಯಾರು ಕೇಳ್ತಾರ.

ಉದ್ದನ್ನ ಗಾಡಿ ಅನ್ನೂದು ನಮ್ಮ ಹಳ್ಳಿ ಮಂದಿ ಹುಚ್ಚಾಟ ಅಲ್ಲ. ನಮ್ಮ ಅಕ್ಕನ ಮಗ ಆಸ್ಟ್ರೇಲಿಯಾದ ಬ್ರಿಸ್ಬೇನ್‌ದಾಗ ಕಂಪ್ಯೂಟರ್ ಕೆಲಸದಾಗ ಅದಾನ, ಅವ ಒಂದು ವಿಡಿಯೋ ಕಳಿಸಿದ್ದ, ಒಂದು ಇಂಜಿನ್ನಿಗೆ ಮೂರು ಟ್ರೇಲರ್, ಕೆಂಪು ಮಣ್ಣಿನ ಬಯಲಾಗ ರೈಲು ಹೋದಂಗ ಹೊಂಟೈತಿ. ಅಲ್ಲಿ ಅದಕ್ಕ ಹೆಸರೂ ರೋಡ್ ಟ್ರೇನ್ ಅಂತನ, 53.5 ಮೀಟರ್ ತನಕ ಬಿಡ್ತಾರ. ಬಿ-ಡಬಲ್ ಅಂತ ಇನ್ನೊಂದು ಜಾತಿ ಐತಿ, 26 ಮೀಟರ್ ಉದ್ದ, ಒಟ್ಟು ತೂಕ 62.5 ಟನ್, ಅದು ಅಲ್ಲಿ ದಿನನಿತ್ಯದ ಗಾಡಿ. ನಮ್ಮ ದೇಶದಾಗೂ 2020ರ ಜೂನ್‌ದಾಗ ಕೇಂದ್ರದವರು ರೂಲ್ ತಿದ್ದಿ, ಗೊತ್ತು ಮಾಡಿದ ರಸ್ತೆಗೋಳ ಮ್ಯಾಲ 25.25 ಮೀಟರ್ ರೋಡ್ ಟ್ರೇನ್ ಓಡಿಸಬಹುದು ಅಂತ ಮಾಡ್ಯಾರ, ನಾಗ್ಪುರದಾಗ ಗಡ್ಕರಿಯವರು ವೋಲ್ವೊ ಕಂಪನಿದು ಅಂಥಾ ಒಂದು ಗಾಡಿಗೆ ಹಸಿರು ನಿಶಾನೆನೂ ತೋರಿಸಿದ್ರು. (ಅಳಿಯಾ ಅಲ್ಲಿ ಕಬ್ಬು ಹೆಂಗ ಒಯ್ತಾರೋ ಅಂತ ಕೇಳಿದ್ರ ಅವ ನಕ್ಕ. ಕ್ವೀನ್ಸ್‌ಲ್ಯಾಂಡಿನ್ಯಾಗ ಕಬ್ಬಿನ ಹೊಲದಾಗ ಎರಡು ಫೂಟು ಅಗಲದ ಸಣ್ಣ ರೈಲು ಹಳಿ ಹಾಕ್ಯಾರಂತ, ಎಲ್ಲಾ ಕೂಡಿ ಸುಮಾರು 4,000 ಕಿಲೋಮೀಟರ್, ಕಬ್ಬು ಡಾಂಬರ್ ರಸ್ತೆಗೆ ಬರೂದ ಕಡಿಮಿ. ನಮ್ಮಲ್ಲಿ ಬಾಗಲಕೋಟಿ–ಕುಡಚಿ ರೈಲಿನ ದಾರಿ ಕಾಯ್ಕೋತ ಒಂದು ತಲಿಮಾರು ಮುದುಕ ಆತು, ಅದು ಬ್ಯಾರೆ ಮಾತು.)

ಹಂಗಾದ್ರ ಅವರ ಉದ್ದನ್ನ ಗಾಡಿಗೂ ನಮ್ಮ ಉದ್ದನ್ನ ಗಾಡಿಗೂ ಏನು ಫರಕ್ಕು? ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರ ಪೇಪರಿನ್ಯಾಗ ಬರೂದೆಲ್ಲಾ ಕಬ್ಬಿನ ಟ್ರ್ಯಾಕ್ಟರ್‌ಗೆ ಡಿಕ್ಕಿ, ಇಬ್ಬರು ಸ್ಥಳದಾಗ ಸಾವು ಅಂತ ನಾಕು ಸಾಲು ಅಷ್ಟ.

ಮೊದಲು ಬ್ರೇಕ್. ಟ್ರ್ಯಾಕ್ಟರ್ ಮಾಡಿದ್ದು ಹೊಲ ಹೂಡಾಕ. ಬ್ರೇಕ್ ಇರೂದು ಹಿಂದಿನ ಎರಡು ದೊಡ್ಡ ಗಾಲಿಗೆ ಅಷ್ಟ, ಅದೂ ಎಡಗಾಲಿಗೆ ಒಂದು ಪೆಡ್ಲು ಬಲಗಾಲಿಗೆ ಒಂದು ಪೆಡ್ಲು, ಹೊಲದಾಗ ಸಾಲಿನ ತುದಿಗೆ ಹೋಗಿ ತಿರುಗಿಸುವಾಗ ಒಂದ ಬದಿ ಒತ್ತಿದ್ರ ಗಾಡಿ ನಿಂತ ಜಾಗಾದಾಗ ಗರಕ್ನ ತಿರುಗಲಿ ಅಂತ. ರಸ್ತೆಗೆ ಬರುವಾಗ ಆ ಎರಡೂ ಪೆಡ್ಲಿಗೆ ನಡುವ ಒಂದು ಪಟ್ಟಿ ಐತಿ, ಅದನ್ನ ಹಾಕಿ ಲಾಕ್ ಮಾಡಬೇಕು. ಹೊಲದಿಂದ ಸೀದಾ ರಸ್ತೆಗೆ ಬರೋ ಹುಡುಗ್ರು ಎಷ್ಟು ಮಂದಿ ಮಾಡ್ತಾರ? ಲಾಕ್ ಮಾಡದ ಗಡಬಡಿಸಿ ಒಂದ ಪೆಡ್ಲು ಒತ್ತಿದ್ರ ಒಂದ ಗಾಲಿ ಹಿಡೀತೈತಿ, ಟ್ರ್ಯಾಕ್ಟರ್ ಅಡ್ಡ ತಿರುಗತೈತಿ, ಹಿಂದಿನ ಇಪ್ಪತ್ತು ಟನ್ ಸೀದಾ ಬಂದು ದೂಡತೈತಿ. ಲಾಕ್ ಮಾಡಿದ್ರೂ ಲೆಕ್ಕ ಹಾಕ್ರಿ, ಎರಡು ಎರಡೂವರೆ ಟನ್ ಟ್ರ್ಯಾಕ್ಟರ್ ತನ್ನ ಎರಡು ಗಾಲಿ ಬ್ರೇಕಿನ್ಯಾಗ ಡಬ್ಬಿ ತೂಕ ಕಬ್ಬಿನ ತೂಕ ಎಲ್ಲಾ ಕೂಡಿ ತನ್ನ ಹತ್ತು ಪಟ್ಟು ಭಾರ ನಿಲ್ಲಿಸಬೇಕು. ಡಬ್ಬಿಗೆ ಬ್ರೇಕ್ ಇಲ್ಲ. ನನ್ನವಕ್ಕೂ ಇರಲಿಲ್ಲ. ಆಸ್ಟ್ರೇಲಿಯಾದ ಗಾಡಿಗೆ ಮೂರು ಟ್ರೇಲರ್ ಇದ್ರೂ ಪ್ರತಿ ಆಕ್ಸೆಲ್ಲಿಗೆ ಗಾಳಿ ಬ್ರೇಕ್, ಇಂಜಿನ್ 500 ಎಚ್‌ಪಿ ಮ್ಯಾಲ. 62.5 ಟನ್ನಿನ ಬಿ-ಡಬಲ್ ಹಿಡಿದ್ರ ಟನ್ನಿಗೆ ಎಂಟು ಎಚ್‌ಪಿ ಬಿತ್ತು ಅವರದು, ನಮ್ಮದು ಟನ್ನಿಗೆ ಎರಡೂ ಬೀಳೂದಿಲ್ಲ. ಹಗುರ ಟ್ರ್ಯಾಕ್ಟರ್ ಅಷ್ಟು ಭಾರ ಎಳೀತೈತಿ, ಅದಕ್ಕ ಘಟಪ್ರಭಾ ಸೇತುವೆ ಏರಿನ್ಯಾಗ ಮುಂದಿನ ಗಾಲಿ ಎರಡೂ ಮ್ಯಾಲ ಏಳೂದು, ಇಬ್ಬರು ಹುಡುಗ್ರು ಓಡಿ ಹೋಗಿ ಬಾನೆಟ್ ಮ್ಯಾಲ ಕುಂಡ್ರೂದು. ನೋಡೋರಿಗೆ ಅದು ಸರ್ಕಸ್, ನಮಗ ಅದು ದಿನದ ಕೆಲಸ. ಇಳಿಜಾರಿನ್ಯಾಗ ಡೀಸೆಲ್ ಉಳಿತೈತಿ ಅಂತ ನ್ಯೂಟ್ರಲ್ ಮಾಡಿ ಬಿಡೋರೂ ಅದಾರ, ನಾನೂ ಹರೇದಾಗ ಬಿಟ್ಟೇನಿ, ಈಗ ನೆನಸ್ಕೊಂಡ್ರ ಮೈ ಜುಂ ಅಂತೈತಿ.

ಎರಡನೇದು ಕೀಲು. ನಮ್ಮ ಡಬ್ಬಿಗೆ ನಾಲ್ಕು ಗಾಲಿ, ಮುಂದಿನ ಎರಡು ಗಾಲಿ ರಿಂಗಿನ ಮ್ಯಾಲ ತಿರುಗ್ತಾವ. ಅಂದ್ರ ಟ್ರ್ಯಾಕ್ಟರಿನ ಹುಕ್ಕು ಒಂದು ಕೀಲು, ರಿಂಗು ಒಂದು ಕೀಲು, ಎರಡನೇ ಡಬ್ಬಿ ಹುಕ್ಕು ಒಂದು, ಅದರ ರಿಂಗು ಒಂದು, ಒಟ್ಟು ನಾಲ್ಕು. ಬಿ-ಡಬಲ್‌ಗೆ ಎರಡ ಕೀಲು, ಒಂದು ಟ್ರೇಲರಿನ ಬೆನ್ನ ಮ್ಯಾಲ ಇನ್ನೊಂದರ ಮೂತಿ ಕುಂತಿರ್ತೈತಿ, ಹಿಂಗಾಗಿ ಅದು ಅಷ್ಟು ತೂಗಾಡೂದಿಲ್ಲ. ಕೀಲು ಹೆಚ್ಚಾದಂಗ ಬಾಲ ಬೀಸೂದು ಹೆಚ್ಚು, ದನ ಅಡ್ಡ ಬಂತಂತ ಡ್ರೈವರ್ ಸ್ಟೇರಿಂಗ್ ಒಂದು ಗೇಣು ಹೊಳ್ಳಿಸಿದ್ರ ಮೊದಲ ಡಬ್ಬಿ ಒಂದು ಮೊಳ ಹೊರಗ ಹೋಗ್ತೈತಿ ಹಿಂದಿನ ಡಬ್ಬಿ ಒಂದು ಮಾರು ಹೊರಗ ಹೋಗ್ತೈತಿ. ಮುಂದ ಕುಂತವಗ ಅದು ಗೊತ್ತಾಗೂದಿಲ್ಲ, ಯಾಕಂದ್ರ ಕನ್ನಡಿ ಇರೂದಿಲ್ಲ, ಇದ್ರೂ ಕಬ್ಬು ಎರಡೂ ಬದಿ ಹೊರಗ ಚಾಚಿ ಹಿಂದಿಂದು ಕಾಣೂದಿಲ್ಲ, ಹಾರ್ನು ಕೇಳೂದಿಲ್ಲ, ಕೇಳೂದಿಲ್ಲ ಯಾಕಂದ್ರ ಅವನ ತಲಿ ಹಿಂದ ಮದುವಿ ಮನ್ಯಾಗ ಇಡೂವಂಥಾ ಎರಡು ಸ್ಪೀಕರ್ ಇಟ್ಟಿರ್ತಾನ. ಈ ಹಾಡಿನ ಹುಚ್ಚಿಗೆ ಪೊಲೀಸರು ಆಗಾಗ ಸ್ಪೀಕರ್ ಬಿಚ್ಚಿಸ್ತಾರ, ನಾಕು ದಿನಕ್ಕ ಮತ್ತ ಬರ್ತಾವ.

ಉದ್ದದ ಬಗ್ಗೆನೂ ಒಂದು ಮಾತು. ಕಾರಿನವ 60ರಾಗ ಅದಾನ, ಟ್ರ್ಯಾಕ್ಟರ್ 20ರಾಗ ಐತಿ ಅಂತ ಇಟ್ಕೊಳ್ರಿ. ಜೋಡಿ ಡಬ್ಬಿ ದಾಟಾಕ ಅವಗ ಐದು ಸೆಕೆಂಡ್ ಹತ್ತಿರ ಬೇಕು, ಅಷ್ಟರಾಗ ಅವ 80 ಮೀಟರ್ ಮುಂದ ಹೋಗಿರ್ತಾನ, ಎದರಿಗೆ ಬರಾಂವನೂ 80 ಮೀಟರ್ ಬಂದಿರ್ತಾನ, ಅಂದ್ರ 160–170 ಮೀಟರ್ ರಸ್ತೆ ಖಾಲಿ ಕಾಣಬೇಕು. ಒಂಟಿ ಡಬ್ಬಿ ಆದ್ರ ಅದರಾಗ ಪೂರಾ ಒಂದು ಸೆಕೆಂಡೂ ಉಳಿಯೂದಿಲ್ಲ. ನಿಜವಾದ ತೊಂದ್ರಿ ಆ ರಸ್ತೆ ಕಾಣೂದಿಲ್ಲ ಅನ್ನೂದು. ಅಗಲ ಹೇರಿದ ಕಬ್ಬು, ರಸ್ತೆ ಎರಡೂ ಕಡೆ ನಿಂತ ಕಬ್ಬಿನ ಹೊಲ, ಡಿಸೆಂಬರ್ ಜನವರಿ ನಸುಕಿನ್ಯಾಗ ಹೊಳಿ ದಂಡಿ ಮಂಜು, ಇದರಾಗ ಹಿಂದ ಒಂದು ಕೆಂಪು ದೀಪ ಇಲ್ಲ. ರೂಲ್ ಪ್ರಕಾರ ಗಾಡಿ ಅಗಲ 2.6 ಮೀಟರ್ ದಾಟಬಾರದು, ನಮ್ಮ ಕಬ್ಬಿನ ತುದಿ ತುದಿ ಅಳದ್ರ ಮೂರು ದಾಟತೈತಿ.

ನಾ ಇಷ್ಟೆಲ್ಲಾ ಬರಿಯಾಕ ಕಾರಣ ಒಂದು ಐತಿ. ಮೂರು ವರ್ಷದ ಹಿಂದ ಜನವರಿ ತಿಂಗಳು, ರಾತ್ರಿ ಹತ್ತೂವರೆ ಆಗಿತ್ತು, ನನ್ನ ಟ್ರ್ಯಾಕ್ಟರ್ ಹಿಂದಿನ ಡಬ್ಬಿದು ಗಾಲಿ ಬೋಲ್ಟ್ ಕಟ್ ಆಗಿ ರಸ್ತೆ ಮ್ಯಾಲ ನಿಂತಿತು. ಬದಿಗೆ ಸರಿಸಾಕ ಆಗಲಿಲ್ಲ, ಬದಿ ಅನ್ನೂದ ಇಲ್ಲ ಅಲ್ಲಿ, ಡಾಂಬರ್ ಮುಗದ್ಕೂಡ್ಲೆ ಕಾಲವಿ ತಗ್ಗು. ಡ್ರೈವರ್ ಹುಡುಗ ಎಲ್ಲಾರೂ ಮಾಡೂದನ್ನ ಮಾಡಿದ, ಹಿಂದ ಹತ್ತು ಹೆಜ್ಜಿ ದೂರ ನಾಲ್ಕು ಕಲ್ಲು ಇಟ್ಟ, ರವದಿ (ಕಬ್ಬಿನ ಒಣ ಎಲಿ) ಕೂಡಿಸಿ ಬೆಂಕಿ ಹಚ್ಚಿದ, ನನಗ ಫೋನ್ ಮಾಡಿದ. ನಾ ಬೋಲ್ಟ್ ತಗೊಂಡು ಹೋಗೂದರಾಗ ಮುಕ್ಕಾಲು ತಾಸಾತು. ರವದಿ ಬೆಂಕಿ ಎಷ್ಟೊತ್ತು ಉರದೀತು, ಐದು ನಿಮಿಷ. ಹುಡುಗಗ ಎರಡು ದಿನದಿಂದ ನಿದ್ದಿ ಇರಲಿಲ್ಲ, ಹಿಂದಿನ ಟ್ರಿಪ್ಪಿಗೆ ಯಾರ್ಡಿನ್ಯಾಗ ಮೂವತ್ತು ತಾಸು ಪಾಳಿ ನಿಂತಿದ್ದ, ಅವ ಇಂಜಿನ್ ಮ್ಯಾಲ ಕುಂತಲ್ಲೇ ಮಲಗಿಬಿಟ್ಟಿದ್ದ. ಜಾತ್ರಿ ಮುಗಿಸಿ ಬರೋ ಒಬ್ಬ ಹುಡುಗ ಬೈಕ್ ಮ್ಯಾಲ ಬಂದು ಆ ಕಲ್ಲಿಗೆ ಮೊದಲು ಹಾದು ಆಮ್ಯಾಲ ಡಬ್ಬಿಗೆ ಬಡದ. ನಾ ಹೋದಾಗ ಬೈಕಿನ ಹೆಡ್‌ಲೈಟ್ ಇನ್ನೂ ಹತ್ತಿತ್ತು, ಅದರ ಬೆಳಕಿನ್ಯಾಗ ನನ್ನ ಡಬ್ಬಿ ಹಿಂದ ಬರದಿದ್ದು ಕಾಣಸ್ತಿತ್ತು, ನಮ್ಮವ್ವನ ಹೆಸರು ನಾನ ಪೇಂಟರ್‌ಗೆ ಹೇಳಿ ಬಣ್ಣದಾಗ ಬರಸಿದ್ದೆ, ಹೂವಿನ ಬಳ್ಳಿ ತೆಗಿಸಿದ್ದೆ, ಎರಡು ಸಾವಿರ ಕೊಟ್ಟಿದ್ದೆ. ಇನ್ನೂರು ರೂಪಾಯಿ ರೇಡಿಯಂ ಪಟ್ಟಿ ಹಚ್ಚಿರಲಿಲ್ಲ.

ಬೈಕಿನ ಹುಡುಗ ಉಳದ. ತೊಡಿ ಎಲುಬು ಎರಡು ಕಡೆ ಮುರದಿತ್ತು, ರಾಡ್ ಹಾಕ್ಯಾರ, ಈಗೂ ಒಂದು ಕಾಲು ಎಳದು ನಡೀತಾನ. ಟ್ರ್ಯಾಕ್ಟರ್‌ಗೆ ವಿಮಾ ಇತ್ತು, ಡಬ್ಬಿಗೆ ಇರಲಿಲ್ಲ, ದವಾಖಾನಿ ಖರ್ಚು ನಾನ ಕೊಟ್ಟೆ. ಅವರಪ್ಪ ನನಗ ಒಂದು ಮಾತೂ ಬೈಲಿಲ್ಲ. ಬೈದಿದ್ರ ಹಗುರ ಆಗ್ತಿತ್ತು. ಮರುದಿನ ನಾ ಮತ್ತ ಆ ಜಾಗಾಕ್ಕ ಹೋದೆ, ನಮ್ಮ ಹುಡುಗ ಇಟ್ಟ ನಾಲ್ಕು ಕಲ್ಲು ಇನ್ನೂ ರಸ್ತ್ಯಾಗ ಇದ್ವು.

ಈಗ ಯಾರು ಏನು ಮಾಡಬೇಕು ಅನ್ನೂದಕ್ಕ ಬರ್ತೀನಿ. ಪೊಲೀಸರು ಹಿಡೀಲಿ ಆರ್‌ಟಿಒ ಹಿಡೀಲಿ ಅಂತ ಎಲ್ಲಾರೂ ಅಂತಾರ. ಪ್ರತಿ ವರ್ಷ ಹಂಗಾಮಿನ ಮೊದಲ ವಾರ ಅಧಿಕಾರಿಗಳು ಬಂದು ನಾಕು ಟ್ರ್ಯಾಕ್ಟರ್‌ಗೆ ರೇಡಿಯಂ ಹಚ್ಚಿ ಫೋಟೋ ತೆಗಿಸ್ಕೊಂಡು ಹೋಗ್ತಾರ, ನಿಮ್ಮ ಪತ್ರಿಕೆದಾಗೂ ಆ ಫೋಟೋ ಬರ್ತಾವ. ಒಳ್ಳೇದ ಮಾಡ್ಯಾರ, ಬ್ಯಾಡ ಅನ್ನೂದಿಲ್ಲ. ಆದ್ರ ಸಾವಿರಗಟ್ಟಲೆ ಟ್ರ್ಯಾಕ್ಟರ್, ರಾತ್ರಿ ಹಗಲು, ಹೊಲದ ದಾರಿಯಿಂದ ಬರೂವು, ಇವನ್ನ ರಸ್ತ್ಯಾಗ ನಿಂತು ಎಷ್ಟು ಮಂದಿ ಹಿಡೀತೀರಿ?

ಎಲ್ಲಾ ಟ್ರ್ಯಾಕ್ಟರ್‌ನೂ ಒಂದು ಕಡೆ ಬಂದ ಬರ್ತಾವಲ್ಲ, ಕಾರ್ಖಾನಿ ಕಾಟಾಕ್ಕ, ಅಂದ್ರ ಗಾಡಿ ತೂಕ ಮಾಡೋ ಜಾಗಾಕ್ಕ. ಅಲ್ಲಿ ತುಂಬಿದ ತೂಕ, ಖಾಲಿ ತೂಕ, ನಿವ್ವಳ ತೂಕ, ಗಾಡಿ ನಂಬರು, ತಾಸು ನಿಮಿಷ ಎಲ್ಲಾ ಚೀಟಿ ಮ್ಯಾಲ ಅಚ್ಚಾಗಿ ಬರ್ತೈತಿ. ಯಾವ ಗಾಡಿ ಎಷ್ಟು ಹೆಚ್ಚಿಗೆ ಹೇರೈತಿ ಅನ್ನೂದಕ್ಕ ಇದಕ್ಕಿಂತ ಸಾಕ್ಷಿ ಏನು ಬೇಕ್ರಿ. 2019ರಾಗ ತಿದ್ದಿದ ಮೋಟಾರು ವಾಹನ ಕಾಯ್ದೆದಾಗ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮ್ಯಾಲ ಹೆಚ್ಚಾದ ಪ್ರತಿ ಟನ್ನಿಗೆ 2,000. ಅದ ಕಲಮಿನ್ಯಾಗ, 194ನೇ ಕಲಂ, ಓಡಿಸಿದಾಂವಗ ಅಷ್ಟ ಅಲ್ಲ ಓಡಿಸಾಕ ಹಚ್ಚಿದಾಂವಗೂ ಬಿಟ್ಟಾಂವಗೂ ದಂಡ ಅಂತ ಬರದೈತಿ. ಓಡಿಸಾಕ ಹಚ್ಚಿದವರು ಯಾರು? ಟ್ರ್ಯಾಕ್ಟರ್ ಮಾಲೀಕನ ಕೂಡ ಹಂಗಾಮಿನ ಮುಂಚೆ ಕರಾರು ಮಾಡ್ಕೊಳ್ಳೋರು ಕಾರ್ಖಾನಿ, ಗ್ಯಾಂಗಿಗೆ ಕೊಡಾಕ ಅಡ್ವಾನ್ಸ್ ಕೊಡೋರು ಕಾರ್ಖಾನಿ, ಟನ್ ಮ್ಯಾಲ ಬಾಡಿಗಿ ಕೊಡೋರು ಕಾರ್ಖಾನಿ, ಯಾರ್ಡಿನ್ಯಾಗ ಮೂವತ್ತು ತಾಸು ನಿಲ್ಲಿಸೋರೂ ಅವರ. ಮಹಾರಾಷ್ಟ್ರದ ಬೀಡ್‌ದಿಂದಲೋ ವಿಜಯಪುರದ ತಾಂಡಾದಿಂದಲೋ ಬರೋ ಗ್ಯಾಂಗಿಗೆ ನಾವು ಲಕ್ಷಗಟ್ಟಲೆ ಮುಂಗಡ ಕೊಟ್ಟಿರ್ತೀವಿ, ಅರ್ಧ ಮಂದಿ ನಡುವ ಓಡಿ ಹೋದ್ರ ಆ ಸಾಲ ಮಾಲೀಕನ ತಲಿ ಮ್ಯಾಲ, ಅದನ್ನ ಹರೀಬೇಕಂದ್ರ ಟ್ರಿಪ್ಪಿಗೆ ಎರಡು ಟನ್ ಹೆಚ್ಚಿಗೆ ಹೇರೂದೊಂದ ದಾರಿ. ಟನ್ ಮ್ಯಾಲ ರೊಕ್ಕ, ಪಾಳಿ ನಿಂತದ್ದಕ್ಕ ಒಂದು ಪೈಸಾ ಇಲ್ಲ ಅಂದ್ರ ಯಾರರೆ ಕಡಿಮಿ ಹೇರ್ತಾರೇನ್ರಿ. ಇಷ್ಟು ವರ್ಷದಾಗ ಕಾಟಾ ಚೀಟಿ ನೋಡಿ ಒಬ್ಬರಿಗೆ ದಂಡ ಹಾಕಿದ್ದು ನಾ ನೋಡಿಲ್ಲ.

ಅದಕ್ಕ ನನ್ನ ಬೇಡಿಕಿ ಕಾರ್ಖಾನಿ ಮ್ಯಾಲ. ಬ್ರೇಕ್ ಇಲ್ಲದ ಡಬ್ಬಿ, ಹಿಂದಿನ ದೀಪ ಹತ್ತದ ಡಬ್ಬಿ, ನಂಬರ್ ವಿಮಾ ಇಲ್ಲದ ಡಬ್ಬಿಗೆ ಕರಾರು ಮಾಡಬ್ಯಾಡ್ರಿ. ಡಬ್ಬಿಗೆ ಬ್ರೇಕ್ ಕೂಡ್ರಸೂದು ರಾಕೆಟ್ ಕೆಲಸ ಏನಲ್ಲ, ಗ್ಯಾಂಗಿಗೆ ಅಡ್ವಾನ್ಸ್ ಕೊಟ್ಟಂಗ ಇದಕ್ಕೂ ಕೊಟ್ಟು ಬಾಡಿಗ್ಯಾಗ ಮುರ್ಕೊಳ್ರಿ. ಕಾಟಾದಾಗ ಇಷ್ಟು ಟನ್ ಮಿತಿ ಅಂತ ಇಟ್ಟು, ಅದರ ಮ್ಯಾಲಿನ ಕಬ್ಬಿನ ರೊಕ್ಕ ರೈತಗ ಪೂರಾ ಕೊಡ್ರಿ, ಸಾಗಾಣಿಕಿ ಬಾಡಿಗಿ ಮಾತ್ರ ಕೊಡಬ್ಯಾಡ್ರಿ, ನೋಡ್ರಿ ಎಂಟು ದಿನದಾಗ ಹೇರೂದು ಹೆಂಗ ಇಳೀತೈತಿ. ಪಾಳಿ ಹನ್ನೆರಡು ತಾಸು ದಾಟಿದ್ರ ತಾಸಿಗೆ ಇಷ್ಟು ಅಂತ ಕೊಡ್ರಿ, ಆವಾಗ ಗಾಡಿಗೆ ಸರದಿ ಕೊಡೋ ಟೋಕನ್ ಲೆಕ್ಕ ತಾನ ಸರಿ ಹೋಗ್ತೈತಿ, ಡ್ರೈವರ್ ಹುಡುಗ್ರು ಮನ್ಯಾಗ ಮಲಗ್ತಾರ.

ಸರ್ಕಾರಕ್ಕೂ ಒಂದು ಮಾತು, ಲೋಕೋಪಯೋಗಿಯವರಿಗೆ ಗೊತ್ತಿದ್ದದ್ದ ಇದು. ಅಮೆರಿಕಾದಾಗ 1958ರಿಂದ 60ರ ತನಕ ಇಲಿನಾಯ್ ರಾಜ್ಯದಾಗ ಹೊಸಾ ರಸ್ತೆ ಮಾಡಿ ಅದರ ಮ್ಯಾಲ ಹಗಲು ರಾತ್ರಿ ಲಾರಿ ಓಡಿಸಿ ಒಂದು ಪರೀಕ್ಷೆ ಮಾಡಿದ್ರು, ಅದರಿಂದ ಹೊರಗ ಬಂದ ಲೆಕ್ಕ ಏನಂದ್ರ ಒಂದು ಆಕ್ಸೆಲ್ ಮ್ಯಾಲಿನ ಭಾರ ಎರಡು ಪಟ್ಟಾದ್ರ ರಸ್ತೆ ಕೆಡೂದು ಹದಿನಾರು ಪಟ್ಟು. ಇಪ್ಪತ್ತು ಟನ್ ಕಬ್ಬು ಜೋಡಿ ಡಬ್ಬಿ ನಾಲ್ಕು ಆಕ್ಸೆಲ್ ಮ್ಯಾಲ ಹಂಚಿ ಹೋದ್ರ ರಸ್ತೆಗೆ ಹಗುರ, ಅದ ಭಾರ ಎರಡು ಆಕ್ಸೆಲ್ ಮ್ಯಾಲ ಬಿದ್ರ ರಸ್ತೆ ಕಿತ್ತು ಬರ್ತೈತಿ. ಜೋಡಿ ಬಂದ್ ಮಾಡಿದ್ರ ನಮ್ಮ ಮಂದಿ ಒಂಟಿ ಡಬ್ಬಿಗೆ ಹಲಗಿ ಏರಿಸಿ ಹದಿನಾರು ಟನ್ ತುಂಬ್ತಾರ, ಇದು ನನಗ ಗ್ಯಾರಂಟಿ ಗೊತ್ತು, ಮಾಸ್ತರಿಗೂ ಗೊತ್ತಿರಬೇಕು. ಅದಕ್ಕ ಆಸ್ಟ್ರೇಲಿಯಾದವರು ಮಾಡಿದಂಗ, ಯಾವ ರಸ್ತ್ಯಾಗ ಜೋಡಿ ಹೋಗಬಹುದು ಯಾವುದರಾಗ ಬ್ಯಾಡ ಅಂತ ಪಟ್ಟಿ ಮಾಡ್ರಿ. ಊರ ನಡುವಿನ ಸಾಲಿ ಮುಂದ ಬ್ಯಾಡ, ಹೊಳಿ ಸೇತುವೆ ಏರಿಗೆ ಇಷ್ಟ ತೂಕ, ಹೆದ್ದಾರಿ ಬಾಜು ಐದಾರು ಕಿಲೋಮೀಟರಿಗೆ ಒಂದು ಕಡೆ ಕೆಟ್ಟ ಗಾಡಿ ನಿಲ್ಲಿಸಾಕ ಜಾಗಾ. ನಾ ಆ ರಾತ್ರಿ ಬೇಡಿದ್ದು ಅಷ್ಟ ಜಾಗಾ, ಎಂಟು ಹೆಜ್ಜಿ ಅಗಲ.

ನಾ ಏನು ಮಾಡೇನಿ ಅಂತ ಕೇಳ್ತೀರಿ ಅಂತ ಗೊತ್ತು. ಎರಡೂ ಡಬ್ಬಿಗೆ ವಿಮಾ ಮಾಡಿಸೇನಿ, ಹಿಂದಿನ ಡಬ್ಬಿಗೆ ಬ್ರೇಕ್ ಹಾಕ್ಸೇನಿ, ಮುಂದಿಂದಕ್ಕ ಈ ವರ್ಷ. ದೀಪದ ವೈರು ಮಾತ್ರ ಭಾಳ ಕಾಡ್ತೈತಿ, ಕಬ್ಬು ಹೇರುವಾಗ ಇಳಿಸುವಾಗ ಹರದು ಹೋಗ್ತೈತಿ, ಅದಕ್ಕ ಈಗ ಸೈಕಲ್ಲಿಗೆ ಹಚ್ಚೋ ಮಿಣಿಮಿಣಿ ಬ್ಯಾಟರಿ ದೀಪ ನಾಲ್ಕು ತಂದು ಹಿಂದಿನ ಹಲಗಿಗೆ ತಂತಿಲೆ ಬಿಗದೇನಿ, ಅದರ ಕೆಳಗ ಅಗಲ ರೇಡಿಯಂ. ನಮ್ಮವ್ವನ ಹೆಸರಿನ ಮ್ಯಾಲ ಹಾದು ಹೋಗೈತಿ ಆ ಪಟ್ಟಿ, ಅರ್ಧ ಹೆಸರು ಮುಚ್ಚೈತಿ. ಅವ್ವ ನೋಡಿ ಏನೂ ಅನಲಿಲ್ಲ.

ಕಾರ್ಖಾನಿಯವರು ಕರಾರಿಗೆ ಕರಿಯೋ ದಿನ ಬಂದ್ವು. ಹೋದ ವರ್ಷದ ಕರಾರು ಪತ್ರ ನನ್ನ ಕಡೆ ಐತಿ, ಪೂರಾ ಓದೇನಿ, ಟನ್ನು, ರೇಟು, ಅಡ್ವಾನ್ಸು, ಬಡ್ಡಿ, ಜಾಮೀನು ಎಲ್ಲಾ ಐತಿ, ಬ್ರೇಕ್ ಅನ್ನೋ ಶಬ್ದ ಎಲ್ಲೂ ಇಲ್ಲ. ಜಿಲ್ಲಾಧಿಕಾರಿಗಳು ಕಾರ್ಖಾನಿಯವರ ಕೂಡ ಹಂಗಾಮಿನ ಸಭೆ ಮಾಡುವಾಗ ಆ ಪತ್ರದಾಗ ಒಂದು ಸಾಲು ಸೇರಸ್ರಿ ಅಂತ ಹೇಳಿದ್ರ ಸಾಕು, ಮಾಸ್ತರೂ ಬರಲಿ, ಇಬ್ಬರೂ ಕೂಡಿ ಅರ್ಜಿ ಕೊಡ್ತೀವಿ.

ಇಂತಿ ನಿಮ್ಮ,
ಒಬ್ಬ ಜೋಡಿ ಡಬ್ಬಿ ಮಾಲೀಕ
ಮುಧೋಳ ತಾಲೂಕು, ಬಾಗಲಕೋಟೆ ಜಿಲ್ಲೆ